ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಮಗುವಿಗೆ ವಾಂತಿಯಾಗದಂತೆ ಮೊದಲೇ ತಡೆಯಬಹುದೇ?

ಪ್ರಶ್ನೆ (ತಾಯಿ):
ನಮ್ಮ 6 ವರ್ಷದ ಮಗಳಿಗೆ ಮುಂದಿನ ವಾರ ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಹಿಂದೆ ನನಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದಾಗ ಮರುದಿನದವರೆಗೂ ವಾಂತಿ ನಿಂತಿರಲಿಲ್ಲವಾದ್ದರಿಂದ ಮಗುವಿಗೂ ಹಾಗೆಯೇ ಆದೀತೆಂಬ ಭಯವಿದೆ. ಹಿಂದಿನ ರಾತ್ರಿಯಿಂದ ನೀರನ್ನೂ ಕೊಡದಿದ್ದರೆ ವಾಂತಿಯಾಗುವುದಿಲ್ಲವೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ಇದು ಸರಿಯೇ?

ಉತ್ತರ (ಅರಿವಳಿಕೆ ವೈದ್ಯೆ):
ನಿಮ್ಮ ಭಯಕ್ಕೆ ಕಾರಣವಿದೆ. ಮಗುವಿಗೆ 3 ವರ್ಷ ತುಂಬಿರುವುದು, ಶಸ್ತ್ರಚಿಕಿತ್ಸೆ 30 ನಿಮಿಷ ಮೀರುವುದು, ಅದು ಮೆಳ್ಳೆಗಣ್ಣಿನದಾಗಿರುವುದು, ಮಗುವಿಗೆ ಅಥವಾ ತಂದೆ, ತಾಯಿ, ಒಡಹುಟ್ಟಿದವರಿಗೆ ಹಿಂದೆ ಶಸ್ತ್ರಚಿಕಿತ್ಸೆಯ ನಂತರ ವಾಂತಿಯಾಗಿರುವುದು ಎಂಬ ನಾಲ್ಕು ಅಂಶಗಳಿಂದ ನಾವು ಅಪಾಯವನ್ನು ಅಳೆಯುತ್ತೇವೆ. ಒಂದೂ ಇಲ್ಲದ ಮಗುವಿನಲ್ಲಿ ವಾಂತಿಯ ಸಾಧ್ಯತೆ ಸುಮಾರು ಶೇ. 10ರಷ್ಟಿದ್ದರೆ, ನಾಲ್ಕೂ ಇರುವಲ್ಲಿ ಅದು ಶೇ. 70ರ ಹತ್ತಿರಕ್ಕೆ ಏರುತ್ತದೆ. ಆದ್ದರಿಂದ ಅರಿವಳಿಕೆಗೆ ಮುಂಚಿನ ತಪಾಸಣೆಯಲ್ಲಿ, ಯಾರೂ ಕೇಳದಿದ್ದರೂ, ನಿಮ್ಮ ಅನುಭವವನ್ನು ತಪ್ಪದೆ ತಿಳಿಸಿ. ಚಿಕಿತ್ಸೆಯ ಯೋಜನೆಯೇ ಅದರಿಂದ ಬದಲಾಗಬಹುದು.

ಇಂತಹ ಮಕ್ಕಳಿಗೆ ಒಂದೇ ಔಷಧವನ್ನು ನಂಬುವುದಕ್ಕಿಂತ ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವ ಆಂಡಾನ್ಸೆಟ್ರಾನ್ ಮತ್ತು ಡೆಕ್ಸಾಮೆಥಾಸೋನ್ ಎರಡನ್ನೂ ಅರಿವಳಿಕೆಯಲ್ಲಿರುವಾಗಲೇ ಕೊಡುವುದು ಹೆಚ್ಚು ಫಲಕಾರಿ. ಉಸಿರಿನ ಮೂಲಕ ಕೊಡುವ ಅನಿಲಗಳ ಬದಲು ರಕ್ತನಾಳದ ಮೂಲಕ ಪ್ರೊಪೊಫಾಲ್ ನೀಡಿ ಅರಿವಳಿಕೆ ಮುಂದುವರಿಸಿದರೆ ವಾಂತಿ ಇನ್ನಷ್ಟು ಕಡಿಮೆಯಾಗುತ್ತದೆ, ಆದರೆ ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಹೃದಯ ಬಡಿತ ನಿಧಾನವಾಗುವ ಸಂಭವ ಅದರಿಂದ ಹೆಚ್ಚಾಗುವುದರಿಂದ ಆ ಆಯ್ಕೆಯನ್ನು ನಿಮ್ಮ ವೈದ್ಯರಿಗೇ ಬಿಡಿ. ನೋವಿಗೆ ಪ್ಯಾರಾಸಿಟಮಾಲ್‌ನಂತಹ ಔಷಧಗಳನ್ನು ಬಳಸಿ ಮಾರ್ಫಿನ್ ಜಾತಿಯವನ್ನು ಕಡಿಮೆ ಮಾಡುವುದೂ ಮುಖ್ಯ.

ದೀರ್ಘ ಉಪವಾಸ ಬೇಡ. ಘನ ಆಹಾರವನ್ನು 6 ಗಂಟೆ ಮೊದಲು ನಿಲ್ಲಿಸಬೇಕು. ನೀರನ್ನು ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೆ, ಕೆಲವು ಆಸ್ಪತ್ರೆಗಳಲ್ಲಿ 1 ಗಂಟೆ ಮೊದಲಿನವರೆಗೂ ಕೊಡುತ್ತಾರೆ. ನಿಮ್ಮ ಆಸ್ಪತ್ರೆ ಹೇಳಿದ ಸಮಯವನ್ನೇ ಪಾಲಿಸಿ.

ಉತ್ತರ (ಮಕ್ಕಳ ವಾರ್ಡಿನ ಶುಶ್ರೂಷಕಿ):
ಎಚ್ಚರವಾದ ಕೂಡಲೇ ಹಾಲು ಕುಡಿಸಲು ಅವಸರ ಪಡಬೇಡಿ. ಡ್ರಿಪ್‌ನಲ್ಲಿ ಸಾಕಷ್ಟು ದ್ರವ ಹೋಗಿರುತ್ತದೆ. ಮಗು ತಾನಾಗಿ ಕೇಳಿದಾಗ ಗುಟುಕು ಗುಟುಕಾಗಿ ನೀರು ಕೊಟ್ಟರೆ ಸಾಕು. ಒತ್ತಾಯದಿಂದ ಕುಡಿಸಿದಾಗಲೇ ವಾಂತಿಯಾಗುವುದನ್ನು ನಾವು ವಾರ್ಡಿನಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ನಿದ್ದೆಯ ಮಂಪರಿನಲ್ಲಿದ್ದರೆ ಪಕ್ಕಕ್ಕೆ ಮಲಗಿಸಿ.

ಪ್ರಶ್ನೆ (ತಾಯಿ):
ಇಬ್ಬರಿಗೂ ಧನ್ಯವಾದಗಳು. ಮನೆಯಲ್ಲಿ ಆಂಡಾನ್ಸೆಟ್ರಾನ್ ಸಿರಪ್ ಇದೆ. ಅಂದು ಬೆಳಿಗ್ಗೆಯೇ ಕೊಡಬಹುದೇ?

ಉತ್ತರ (ಅರಿವಳಿಕೆ ವೈದ್ಯೆ):
ದಯವಿಟ್ಟು ನೀವಾಗಿ ಕೊಡಬೇಡಿ. ಅದು ಹೃದಯದ ವಿದ್ಯುತ್ ಲಯವನ್ನು ಬದಲಿಸಬಲ್ಲದು, ಹಾಗಾಗಿ ಪ್ರಮಾಣವನ್ನು ಮಗುವಿನ ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು. ಶಸ್ತ್ರಚಿಕಿತ್ಸೆಯ ವೇಳೆ ಅದನ್ನು ಕೊಟ್ಟ 6 ಗಂಟೆಯೊಳಗೆ ವಾಂತಿಯಾದರೂ ಅದನ್ನೇ ಪುನಃ ಕೊಡದೆ ಬೇರೆ ಗುಂಪಿನ ಔಷಧ ಬಳಸುತ್ತೇವೆ. ಮನೆಗೆ ಹೋದ ಮೇಲೆ ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಅಥವಾ ಮಗು ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ.