ಪದಚರ್ಚೆ: ಕಾಡುಶುಂಠಿಯಲ್ಲಿರುವುದು ‘ರಾಸಾಯನಿಕ’ವೋ, ‘ಸತ್ವ’ವೋ?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗಾಗಿ ಕಾಡುಶುಂಠಿಯ ಬಗ್ಗೆ ಪುಟ್ಟ ಬರಹವೊಂದನ್ನು ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಎಲೆಗಳಿಂದ ಬೇರೆಯಾಗಿ, ನೆಲದಿಂದಲೇ ಒಂದು ಹೂದಂಡು ಏಳುತ್ತದಲ್ಲ, ಮೊದಲು ಹಸಿರಾಗಿದ್ದು ಆಮೇಲೆ ಕೆಂಪಾಗುತ್ತದಲ್ಲ, ಅದೇ ಗಿಡ. ಸಸ್ಯಶಾಸ್ತ್ರದಲ್ಲಿ ಜಿಂಜಿಬರ್ ಜೆರಂಬೆಟ್. ಆ ಹೂದಂಡನ್ನು ಹಿಂಡಿದರೆ ಲೋಳೆನೀರು ಬರುತ್ತದೆ. ಹವಾಯಿಯಲ್ಲಿ ಅದನ್ನು ತಲೆಕೂದಲಿಗೆ ಹಚ್ಚುತ್ತಾರೆ.

‘ಇದರ ಗೆಡ್ಡೆಯಲ್ಲಿ ಉಪಯುಕ್ತ ರಾಸಾಯನಿಕಗಳು ಪತ್ತೆಯಾಗಿವೆ’ ಎಂದು ಬರೆದು ದೊಡ್ಡಮ್ಮನಿಗೆ ಓದಿ ಹೇಳಿದೆ. ‘ಅಯ್ಯೋ, ಕಾಡಿನ ಗಿಡಕ್ಕೂ ರಾಸಾಯನಿಕ ಹೊಡೀತಾರಾ?’ ಎಂದರು.

ಅವರು ಕೇಳಿದ್ದು ಸರಿಯಾಗೇ ಇದೆ. ರಾಸಾಯನಿಕ ಗೊಬ್ಬರ, ರಾಸಾಯನಿಕ ಮುಕ್ತ ಬೆಲ್ಲ ಅಂತ ಕೇಳಿ ಕೇಳಿ, ಆ ಪದ ಈಗ ಹೊರಗಿನಿಂದ ಸುರಿದ ವಿಷ ಎಂದೇ ಕಿವಿಗೆ ಬೀಳುತ್ತದೆ. ‘ಪತ್ತೆ’ಯೂ ಹಾಗೆಯೇ. ಕಳ್ಳ ಪತ್ತೆ, ಕಲಬೆರಕೆ ಪತ್ತೆ. ಎರಡೂ ಒಟ್ಟಿಗೆ ಬಂದರೆ ಹೆದರಿಕೆ ಆಗದೇ ಇರುತ್ತದೆಯೇ?

‘ಸತ್ವ’ ಎಂದು ಬದಲಾಯಿಸಿದೆ. ಹಿತವಾದ ಪದ, ಆದರೆ ಅದರಲ್ಲಿ ಎಲ್ಲವೂ ಸೇರಿಹೋಗುತ್ತದೆ. ಗೆಡ್ಡೆಯನ್ನು ಹಬೆಯಲ್ಲಿ ಭಟ್ಟಿ ಇಳಿಸಿದರೆ ಸಿಗುವ ಎಣ್ಣೆಯೇ ಸತ್ವ ಅಂತಿಟ್ಟುಕೊಳ್ಳಿ. ಆ ಎಣ್ಣೆ ಹತ್ತಾರು ಸಂಯುಕ್ತಗಳ ಮಿಶ್ರಣ: ಜೆರಂಬೋನ್, ಹ್ಯುಮುಲೀನ್, ಕ್ಯಾಂಫೀನ್, ಹೀಗೆ. ಮಿಶ್ರಣವನ್ನು ಆವಿ ಮಾಡಿ ಪರೀಕ್ಷಿಸುವ ಜಿಸಿ-ಎಂಎಸ್ ಎಂಬ ಯಂತ್ರ ಅವನ್ನು ಒಂದೊಂದಾಗಿ ಬೇರೆ ಮಾಡುತ್ತದೆ. ಆಗ ಏನೋ ಒಂದು ಇದೆ ಎಂದು ಕಂಡರೆ ಅದು ಪತ್ತೆ. ಅದು ಇಂಥದ್ದೇ ಎಂದು ಹೆಸರು ಹೇಳಿದರೆ ಅದು ಗುರುತು. ಕನ್ನಡದಲ್ಲಿ ಎರಡಕ್ಕೂ ಪದ ಇದೆ, ನಾವೇ ಸುಮ್ನೆ ಬೆರೆಸಿಬಿಡುತ್ತೇವೆ. 1960ರಲ್ಲಿ ರಸಾಯನಶಾಸ್ತ್ರಜ್ಞ ಸುಖ್ ದೇವ್ ಅವರು ಜೆರಂಬೋನಿನ ಅಣುವಿನ ರಚನೆ ಕಂಡುಹಿಡಿದದ್ದು ಅಂಥ ಗುರುತಿನ ಕೆಲಸ. ಅದರ 15 ಇಂಗಾಲದ ಪರಮಾಣುಗಳಲ್ಲಿ 11 ಸೇರಿ ಒಂದು ಉಂಗುರ ಎಂದು ತಿಳಿಯುವುದು ಕಡಿಮೆ ಮಾತೇ!

‘ಉಪಯುಕ್ತ’ವನ್ನೂ ತೆಗೆದಿದ್ದೇನೆ. ಜೆರಂಬೋನನ್ನು ಉರಿಯೂತಕ್ಕೆ, ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದಾರೆ ನಿಜ. ಅಷ್ಟಕ್ಕೇ ಮಕ್ಕಳು ಔಷಧಿ ಎಂದುಕೊಳ್ಳಬಾರದು ಅಲ್ವಾ?

ಸದ್ಯದ ವಾಕ್ಯ ಹೀಗಿದೆ: ‘ಕಾಡುಶುಂಠಿಯ ಗೆಡ್ಡೆಯ ಎಣ್ಣೆಯಲ್ಲಿ ಯಾವ ಯಾವ ಸಂಯುಕ್ತಗಳಿವೆ ಎಂದು ಗುರುತಿಸಿದ್ದಾರೆ.’ ‘ಸಂಯುಕ್ತ’ ಮಕ್ಕಳ ಪಠ್ಯದಲ್ಲಿದೆ, ದೊಡ್ಡಮ್ಮನಿಗೆ ಮಾತ್ರ ಇನ್ನೂ ದೂರ. ಇದಕ್ಕಿಂತ ಹತ್ತಿರದ ಪದ ನಿಮಗೆ ಹೊಳೆಯುತ್ತದೆಯೇ? ಇನ್ನೊಂದು: ಅರಿಶಿನಕ್ಕೆ ಕೊಂಬು ಅನ್ನುತ್ತೇವೆ. ಕಾಡುಶುಂಠಿಗೆ ನಿಮ್ಮ ಕಡೆ ಕೊಂಬು ಅಂತಾರೋ, ಗೆಡ್ಡೆ ಅಂತಾರೋ?