ಗುಜರಿ ಅಂಗಡಿ ಮುಂದಿನ ಹಳದಿ ಸಿಲಿಂಡರ್: ದಯವಿಟ್ಟು ಎಲ್ಲರೂ ಓದಿ

ಬುಧವಾರ

ಎರಡನೇ ಕ್ರಾಸ್, ಮನೆ 14 – ಸಂಜೆ 6.20
ಎಲ್ಲರಿಗೂ ನಮಸ್ಕಾರ. ರಿಂಗ್ ರಸ್ತೆ ಕಡೆ ಗುಜರಿ ಅಂಗಡಿ ಮುಂದೆ ಎರಡು ದಿನದಿಂದ ದೊಡ್ಡ ಸಿಲಿಂಡರ್ ಬಿದ್ದಿದೆ. ಫೋಟೋ ಹಾಕಿದ್ದೇನೆ. ಈಗ ಮಗಳ ಜೊತೆ ಹಾಲು ತರಲು ಹೋದೆ, ಬ್ಲೀಚಿಂಗ್ ಪುಡಿ ಥರ ಘಾಟು. ಅವಳಿಗೆ ಕೆಮ್ಮು ಶುರುವಾಯಿತು. ನಾಳೆ ಬೆಳಿಗ್ಗೆ ಗ್ಯಾಸ್ ಕಟರ್ ತಂದು ಕತ್ತರಿಸುತ್ತಾರಂತೆ. ಇದೇನು ಅಂತ ಯಾರಿಗಾದರೂ ಗೊತ್ತಾ?

ಮೂರನೇ ಕ್ರಾಸ್, ಮನೆ 31 – 6.26
ನಾಲ್ಕು ಬಿಂದಿಗೆ ನೀರು ಹುಯ್ದರೆ ವಾಸನೆ ಹೋಗುತ್ತೆ ಮೇಡಂ. ನಾನೇ ಪೈಪ್ ತರುತ್ತೇನೆ.

ಒಂದನೇ ಕ್ರಾಸ್, ಮನೆ 5 – 6.29
ಬೇಡಪ್ಪಾ, ನೀರು ಹಾಕಬೇಡ! ಯಾರೂ ಹತ್ತಿರ ಹೋಗಬೇಡಿ. ಅಂಗಡಿಯವರನ್ನೂ ಆಚೆ ಕರೆಯಿರಿ. ನಾನು 112ಕ್ಕೆ ಫೋನ್ ಮಾಡುತ್ತಿದ್ದೇನೆ. ಮಾತಾಡಿ ಬಂದು ಬರೆಯುತ್ತೇನೆ.

ಒಂದನೇ ಕ್ರಾಸ್, ಮನೆ 5 – 6.51
ಅಗ್ನಿಶಾಮಕದವರು ಬರುತ್ತಿದ್ದಾರೆ. ನಾನು ನೀರು ಶುದ್ಧೀಕರಣ ಘಟಕದಲ್ಲಿ ಆಪರೇಟರ್ ಆಗಿದ್ದವನು, ನಿಮಗೆ ಗೊತ್ತು. ಇಂಥದ್ದರ ಪಕ್ಕದಲ್ಲೇ ನನ್ನ ನೌಕರಿ ಕಳೆದಿದೆ. ಇದು ಕ್ಲೋರಿನ್ ಟನ್ನರ್, ಅಂದರೆ ಕ್ಲೋರಿನ್ ತುಂಬಿಡುವ ದೊಡ್ಡ ಸಿಲಿಂಡರ್. ಕುಡಿಯುವ ನೀರಿಗೆ ಹಾಕುತ್ತಾರಲ್ಲ, ಅದೇ ಕ್ಲೋರಿನ್. ತುಂಬಿದರೆ 900 ಕೆಜಿ ಹಿಡಿಯುತ್ತದೆ.

ಫೋಟೋ ದೊಡ್ಡದು ಮಾಡಿ ನೋಡಿ. ಹಳದಿ ಬಣ್ಣ ಕಿತ್ತುಬಂದಿದೆ. ಒಂದು ತುದಿಯಲ್ಲಿ ಎರಡು ವಾಲ್ವ್. ಅವುಗಳ ಮೇಲೆ ಇರಬೇಕಾದ ಮುಚ್ಚಳ ಇಲ್ಲ. ಕೆಳಗಿನ ವಾಲ್ವ್ ಬುಡದಲ್ಲಿ ಹಸಿರು ಕಿಲುಬು ಕಾಣಿಸುತ್ತಿದೆ ನೋಡಿ, ಅಲ್ಲೇ ಸೋರುತ್ತಿರಬೇಕು.

ನೀರು ಯಾಕೆ ಬೇಡ ಅಂದೆ ಅಂದರೆ, ಕ್ಲೋರಿನ್ ನೀರಿಗೆ ಸೇರಿದರೆ ಆಸಿಡ್ ಆಗುತ್ತದೆ. ಆ ಆಸಿಡ್ ವಾಲ್ವನ್ನೇ ತಿನ್ನುತ್ತದೆ. ಸೂಜಿಮೊನೆಯಷ್ಟಿದ್ದ ತೂತು ದೊಡ್ಡದಾಗುತ್ತದೆ. ನಮ್ಮ ಕಣ್ಣು, ಗಂಟಲು, ಶ್ವಾಸಕೋಶದ ಒದ್ದೆಯಲ್ಲೂ ಆಗುವುದು ಅದೇ.

ಕಟರ್ ಅಂತೂ ಬೇಡವೇ ಬೇಡ. ಟನ್ನರ್‌ನ ಎರಡೂ ತುದಿಯಲ್ಲಿ ಬಿಸಿಗೆ ಕರಗುವ ಪ್ಲಗ್‌ಗಳಿರುತ್ತವೆ. 70 ಡಿಗ್ರಿ ದಾಟುತ್ತಿದ್ದಂತೆ ಕರಗಿ ಒಳಗಿನದೆಲ್ಲ ಆಚೆ ಬರುತ್ತದೆ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕ್ಲೋರಿನ್ ತಾನು ಉರಿಯುವುದಿಲ್ಲ, ಆದರೆ ಸುಮಾರು 250 ಡಿಗ್ರಿಗೆ ಅದರೊಳಗೆ ಕಬ್ಬಿಣವೇ ಹತ್ತಿ ಉರಿಯುತ್ತದೆ. ಕಟರ್ ಉರಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಮೂರನೇ ಕ್ರಾಸ್, ಮನೆ 31 – 6.58
ಕ್ಷಮಿಸಿ ಸರ್, ಗೊತ್ತಿರಲಿಲ್ಲ. ಅಂಗಡಿಯಣ್ಣನನ್ನು ಕೂಗಿ ಆಚೆ ಕರೆದೆ. "ಖಾಲಿ ಅಂತ ಹೇಳಿ ತೂಕಕ್ಕೆ ಕೊಟ್ಟರು" ಅಂತಿದ್ದಾರೆ.

ಒಂದನೇ ಕ್ರಾಸ್, ಮನೆ 5 – 7.04
ಖಾಲಿ ಅಂದಮಾತ್ರಕ್ಕೆ ಖಾಲಿ ಅಲ್ಲಪ್ಪಾ. ಒಳಗೆ ಕ್ಲೋರಿನ್ ದ್ರವವಾಗಿರುತ್ತದೆ, ತಳದಲ್ಲಿ ಸ್ವಲ್ಪ ಉಳಿದಿದ್ದರೂ ಸಾಕು. ಒಂದು ಲೀಟರ್ ದ್ರವ ಹತ್ತಿರ ಹತ್ತಿರ 460 ಲೀಟರ್ ಗ್ಯಾಸ್ ಆಗುತ್ತದೆ. 2010ರ ಜುಲೈಯಲ್ಲಿ ಮುಂಬೈ ಬಂದರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೇ ಸಿಲಿಂಡರ್‌ಗಳಿಂದ ಇದೇ ಕ್ಲೋರಿನ್ ಸೋರಿ ಎಷ್ಟೋ ಜನ ಆಸ್ಪತ್ರೆ ಸೇರಿದ್ದರು.

ಈಗ ಗಾಳಿ ನೋಡಿ. ಆಷಾಢದ ಗಾಳಿ ಪಡುವಣದಿಂದ ಬೀಸುತ್ತಿದೆ. ಅಂಗಡಿಯಿಂದ ಮೂಡಲಿಗೆ ಇರುವುದು ಅಂಗನವಾಡಿ ಮತ್ತು ನಾಲ್ಕನೇ ಕ್ರಾಸ್. ಆ ಮನೆಯವರು ಗಾಳಿಗೆ ಅಡ್ಡಲಾಗಿ ನಡೆದು, ದೇವಸ್ಥಾನದ ಕಟ್ಟೆ ಕಡೆಗೆ ಬನ್ನಿ, ಅದು ಎತ್ತರದ ಜಾಗ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೋರಿ, ಸಂಪು, ನೆಲಮಾಳಿಗೆಯಲ್ಲಿ ಇಳಿದು ನಿಲ್ಲುತ್ತದೆ. ಕಾರು ತೆಗೆಯಲು ಯಾರೂ ಕೆಳಗಿನ ಪಾರ್ಕಿಂಗ್‌ಗೆ ಇಳಿಯಬೇಡಿ.

ಎರಡನೇ ಕ್ರಾಸ್, ಮನೆ 22 – 7.09
ನಾನು ನರ್ಸ್. 14ನೇ ಮನೆಯವರೇ, ಮಗಳ ಬಟ್ಟೆ ಬದಲಾಯಿಸಿ, ಮುಖ ತೊಳೆಸಿ. ಕಣ್ಣು ಉರಿದರೆ ಹದಿನೈದು ನಿಮಿಷ ನಲ್ಲಿ ನೀರು ಬಿಡಿ. ಓಡಾಡಿಸಬೇಡಿ. ಇದಕ್ಕೆ ಪ್ರತಿವಿಷ ಅಂತ ಯಾವುದೂ ಇಲ್ಲ, ಆಕ್ಸಿಜನ್ ಕೊಟ್ಟು ನೋಡಿಕೊಳ್ಳಬೇಕು ಅಷ್ಟೇ. ಕೆಮ್ಮು ನಿಂತಿತು ಅಂತ ಸುಮ್ಮನೆ ಕೂರಬೇಡಿ. ಕೆಲವೊಮ್ಮೆ ಎಷ್ಟೋ ಗಂಟೆ ಆದಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಈಗಲೇ ಆಸ್ಪತ್ರೆಗೆ ಹೋಗೋಣ, ನಾನೂ ಬರುತ್ತೇನೆ. ಅಂಗಡಿಯಣ್ಣನೂ ಬರಲಿ.

ನಾಲ್ಕನೇ ಕ್ರಾಸ್, ಮನೆ 40 – 7.35
ಕಟ್ಟೆ ಹತ್ತಿರ ಇದ್ದೇವೆ. ಅಮ್ಮನನ್ನು ಎತ್ತಿಕೊಂಡೇ ಬಂದೆ. ಆ ಗುಜರಿಯವನನ್ನು ಮೊದಲು ಇಲ್ಲಿಂದ ಖಾಲಿ ಮಾಡಿಸಬೇಕು.

ಒಂದನೇ ಕ್ರಾಸ್, ಮನೆ 5 – 7.41
ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನಮ್ಮೆಲ್ಲರಿಗಿಂತ ಮೊದಲು ಆ ಗ್ಯಾಸ್ ಕುಡಿದವರು ಅವರೇ. ಗ್ಯಾಸ್ ಪೂರ್ತಿ ತೆಗೆಸದೆ, ತೂಕಕ್ಕೆ ಮಾರಿ ಕೈ ತೊಳೆದುಕೊಂಡವರನ್ನು ಕೇಳಬೇಕು. ಅಂಗಡಿಯವರನ್ನು ಓಡಿಸಿದರೆ ಈ ಸಿಲಿಂಡರ್ ಎಲ್ಲಿಂದ ಬಂತು ಅಂತ ಹೇಳುವವರೇ ಇರುವುದಿಲ್ಲ.

ಗುರುವಾರ

ಎರಡನೇ ಕ್ರಾಸ್, ಮನೆ 14 – ಬೆಳಿಗ್ಗೆ 7.15
ಮಗಳು ಆರಾಮಾಗಿದ್ದಾಳೆ. ರಾತ್ರಿಯೆಲ್ಲ ಆಸ್ಪತ್ರೆಯಲ್ಲೇ ಇದ್ದೆವು. ಅಂಗಡಿಯಣ್ಣನಿಗೆ ಇನ್ನೂ ಆಕ್ಸಿಜನ್ ಹಾಕಿದ್ದಾರೆ. ನರ್ಸ್ ಅಕ್ಕ, ನಿಮ್ಮ ಉಪಕಾರ ಮರೆಯುವುದಿಲ್ಲ.

ಒಂದನೇ ಕ್ರಾಸ್, ಮನೆ 5 – 7.40
ಕೇಳಿ ಜೀವ ಬಂತಮ್ಮಾ. ರಾತ್ರಿ ನಡೆದದ್ದು ಹೇಳುತ್ತೇನೆ. ಪೊಲೀಸರು ನಮ್ಮನ್ನು ದೂರವೇ ನಿಲ್ಲಿಸಿದ್ದರು. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡ ಇಬ್ಬರು ಒಳಗೆ ಹೋದರು. ಕೋಲಿನ ತುದಿಗೆ ಅಮೋನಿಯಾದಲ್ಲಿ ಅದ್ದಿದ ಬಟ್ಟೆ. ಕೆಳಗಿನ ವಾಲ್ವ್ ಹತ್ತಿರ ಹಿಡಿದರು, ಬೆಳ್ಳಗೆ ಹೊಗೆ ಎದ್ದಿತು. ಸೋರುವ ಜಾಗ ಹುಡುಕುವುದು ಹಾಗೆಯೇ. ಆಮೇಲೆ ಆ ವಾಲ್ವ್ ಮೇಲಕ್ಕೆ ಬರುವ ಹಾಗೆ ಟನ್ನರನ್ನು ನಿಧಾನಕ್ಕೆ ಉರುಳಿಸಿದರು. ಕೆಳಗಿದ್ದರೆ ದ್ರವವೇ ಬರುತ್ತದೆ, ಮೇಲಿದ್ದರೆ ಗ್ಯಾಸ್ ಮಾತ್ರ. ಆಮೇಲೆ ವಾಲ್ವ್ ಮೇಲೆ ಹುಡ್, ಅಂದರೆ ಸೋರಿಕೆ ತಡೆಯುವ ಮುಚ್ಚಳ, ಕೂರಿಸಿ ಬಿಗಿದರು. ಹತ್ತೂವರೆಗೆ ಲಾರಿಯಲ್ಲಿ ಸಾಗಿಸಿದರು.

ಸಿಲಿಂಡರ್ ಮೇಲೆ ಕೊರೆದಿರುವ ನಂಬರ್ ಮತ್ತು ಟೆಸ್ಟ್ ದಿನಾಂಕವನ್ನು ಪೊಲೀಸರು ಬರೆದುಕೊಂಡಿದ್ದಾರೆ. ಮಾಲೀಕರು ಯಾರು ಅಂತ ಅದರಿಂದ ಹುಡುಕಬಹುದು.

ಮೂರನೇ ಕ್ರಾಸ್, ಮನೆ 31 – 8.02
ಮನವಿ ನಾನು ಬರೆಯುತ್ತೇನೆ ಸರ್. ಯಾರಿಗೆ ಕೊಡಬೇಕು?

ಒಂದನೇ ಕ್ರಾಸ್, ಮನೆ 5 – 8.10
ಜಿಲ್ಲಾಧಿಕಾರಿಗೆ. ರಾಸಾಯನಿಕ ಅಪಘಾತಗಳ 1996ರ ನಿಯಮದ ಪ್ರಕಾರ ಜಿಲ್ಲಾ ಬಿಕ್ಕಟ್ಟು ಗುಂಪಿಗೆ ಅವರೇ ಅಧ್ಯಕ್ಷರು. ಒಂದು ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಮಾರಿದವರು ಅಂಗಡಿಯಣ್ಣನ ಆಸ್ಪತ್ರೆ ಖರ್ಚು ಕೊಡಬೇಕು, ರಿಂಗ್ ರಸ್ತೆಯ ಬೇರೆ ಗುಜರಿ ಅಂಗಡಿಗಳನ್ನೂ ಈ ವಾರವೇ ನೋಡಬೇಕು ಅಂತ ಬರಿ.

ನಾಲ್ಕನೇ ಕ್ರಾಸ್, ಮನೆ 40 – 8.16
ನಿನ್ನೆ ನಾನು ಹಾಗೆ ಬರೆಯಬಾರದಿತ್ತು. ಆಸ್ಪತ್ರೆ ಖರ್ಚಿಗೆ ಸದ್ಯಕ್ಕೆ ನಾವೇ ಸೇರಿಸೋಣ, ನನ್ನಿಂದ ಎರಡು ಸಾವಿರ. ನಾಳೆ ಆಷಾಢ ಶುಕ್ರವಾರ, ಅಧಿಕಾರಿಗಳೆಲ್ಲ ಚಾಮುಂಡಿ ಬೆಟ್ಟದಲ್ಲಿರುತ್ತಾರೆ. ಇವತ್ತೇ ಹೋಗೋಣ. ಹತ್ತು ಗಂಟೆಗೆ ಕಟ್ಟೆ ಹತ್ತಿರ ಸಹಿ ಹಾಕಲು ಬನ್ನಿ.