ತಲೆ ಕೆಳಗೆ, ಕಾಲು ಮೇಲೆ

ಸತ್ತವರನ್ನು ತಣ್ಣಗೆ ಇಟ್ಟು ಮುಂದೊಂದು ದಿನ ಎಬ್ಬಿಸುವ ಬಗ್ಗೆ ವಿಜಯಪುರದ ಕಾಲೇಜೊಂದರಲ್ಲಿ ಭಾಷಣ ಇತ್ತು. ಚಹಾ ಕೊಡುತ್ತಾರೆ ಎಂದು ನಾವು ನಾಲ್ವರು ಹೋದೆವು. ಕೊಡಲಿಲ್ಲ. ಆಮೇಲೆ ಗಾಂಧಿ ಚೌಕದ ಹತ್ತಿರ ಮಿರ್ಚಿ ಭಜಿ ಮುಂದಿಟ್ಟುಕೊಂಡು ಕೂತೆವು.

"ಮೊದಲನೆಯವನು ಜೇಮ್ಸ್ ಬೆಡ್‌ಫೋರ್ಡ್. 1967ರಲ್ಲಿ ಇಟ್ಟದ್ದು. ಇನ್ನೂ ಇದ್ದಾನೆ," ಎಂದರು ಮಾಸ್ತರರು.

"ಇದ್ದಾನೆ ಅಂದ್ರೆ?"

"ಅಮೆರಿಕದ ಅರಿಜೋನಾದಲ್ಲಿ, ಡಬ್ಬಿಯೊಳಗೆ."

"ಕರೆಂಟ್ ಹೋದ್ರೆ?" ಗೌಡರು ಕೇಳಿದರು. ನಮ್ಮ ಕಡೆಯವರಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಇದು.

ಪಶು ಆಸ್ಪತ್ರೆಯ ಕಂಪೌಂಡರ್ ನಕ್ಕ. "ಕರೆಂಟ್ ಬೇಡ ಗೌಡ್ರೇ. ದ್ರವ ನೈಟ್ರೋಜನ್, ಮೈನಸ್ 196 ಡಿಗ್ರಿ. ನಿಮ್ಮ ಎಮ್ಮೆಗೆ ಇಂಜೆಕ್ಷನ್ ಮಾಡೋಕೆ ಕೋಣದ ವೀರ್ಯ ಇಟ್ಟ ಕ್ಯಾನ್ ತರ್ತೀನಲ್ಲ, ಅಂಥದ್ದೇ. ಆವಿಯಾದಷ್ಟು ತುಂಬಿಸ್ತಾ ಇರಬೇಕು, ಅಷ್ಟೇ. ಕೋಣ ಸತ್ತು ಎಷ್ಟೋ ವರ್ಷವಾದರೂ ಕರು ಹುಟ್ಟುತ್ತದೆ. ಮನುಷ್ಯ ಯಾಕೆ ಏಳಬಾರದು?"

"ಒಂದೊಂದು ಜೀವಕೋಶ ಎದ್ದೀತು," ಎಂದರು ಮಾಸ್ತರರು. "ಇಡೀ ಮನುಷ್ಯನನ್ನು ಇನ್ನೂ ಯಾರೂ ಎಬ್ಬಿಸಿಲ್ಲ. ಒಳಗಿನ ನೀರು ಮಂಜುಗಡ್ಡೆಯಾದರೆ ಜೀವಕೋಶ ಒಡೆದುಹೋಗುತ್ತದೆ. ಅದಕ್ಕೇ ರಕ್ತ ತೆಗೆದು ಬೇರೆ ದ್ರಾವಣ ತುಂಬುತ್ತಾರೆ. ದೇಹ ಗಾಜಿನ ಹಾಗೆ ಗಟ್ಟಿಯಾಗುತ್ತದೆ."

ಗೌಡರದು ದ್ರಾಕ್ಷಿ ತೋಟ. ಒಣದ್ರಾಕ್ಷಿ ಮಾಡಿ ಕೋಲ್ಡ್ ಸ್ಟೋರೇಜಿಗೆ ಹಾಕುವವರು. ಸ್ವಲ್ಪ ಹೊತ್ತು ಭಜಿ ಅಗಿದು ಹೇಳಿದರು: "ಒಣದ್ರಾಕ್ಷಿ ನೀರಿಗೆ ಹಾಕಿದರೆ ಉಬ್ಬುತ್ತದೆ ಮಾಸ್ತರೇ. ದ್ರಾಕ್ಷಿ ಆಗೋದಿಲ್ಲ."

ಮಾಸ್ತರರ ಒಂದೂವರೆ ಗಂಟೆಯ ಟಿಪ್ಪಣಿ ಪುಸ್ತಕ ಅಲ್ಲಿಗೆ ಮುಚ್ಚಿತು. ಆದರೆ ಬಾಯಿ ಮುಚ್ಚಲಿಲ್ಲ.

"ಅಲ್ಲಿ ತಲೆ ಕೆಳಗೆ, ಕಾಲು ಮೇಲೆ ಮಾಡಿ ಇಡುತ್ತಾರೆ. ನೈಟ್ರೋಜನ್ ಕಡಿಮೆಯಾದರೂ ತಲೆ ಕೊನೆಗೆ ಕರಗಲಿ ಅಂತ. ಬರೀ ತಲೆ ಇಡುವುದೂ ಇದೆ, ದರ ಕಡಿಮೆ."

"ನಿಮಗೆ ನಾಲಿಗೆ ಒಂದು ಇಟ್ಟರೆ ಸಾಕು," ಎಂದೆ ನಾನು. ಇನ್ನೂ ಜಾಸ್ತಿ ಉಳಿತಾಯ.

"ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ ಹೀಗೆ ಇಟ್ಟ 9 ಹೆಣ ಕರಗಿ ಹೋದವು. 1979ರಲ್ಲಿ ಬಯಲಾಯಿತು. ದುಡ್ಡು ಮುಗಿದಿತ್ತಂತೆ."

ಈ ಮಾತು ಗೌಡರಿಗೆ ಸರಿಯಾಗಿ ನಾಟಿತು. "ನಮ್ಮ ಮನೆಯಲ್ಲಿ ನನ್ನನ್ನು ಇಟ್ಟರೆ, ದೊಡ್ಡವನು ಈ ವರ್ಷ ತುಂಬಿಸಲಿ, ಸಣ್ಣವನು ಮುಂದಿನ ವರ್ಷ ಅಂತ ಶುರುವಾಗುತ್ತದೆ. ಮೂರನೇ ವರ್ಷ ನಾನು ಸಾರು. ನಮ್ಮ ಮಹಮ್ಮದ್ ಆದಿಲ್ ಶಾನೇ ಶಾಣ್ಯಾ ನೋಡ್ರಿ. ಬದುಕಿದ್ದಾಗಲೇ ಗೋಲ್ ಗುಂಬಜ್ ಕಟ್ಟಿಸೋಕೆ ಹಚ್ಚಿದ, 1656ರಲ್ಲಿ ಹೋಗಿ ಮಲಗಿದ. ತುಂಬಿಸೋ ಗೊಡವೆ ಇಲ್ಲ. ಮೇಲಿಂದ ಟಿಕೆಟ್ ದುಡ್ಡು ಬರ್ತದೆ."

"ಅವನಿಗಲ್ಲ, ಸರ್ಕಾರಕ್ಕೆ," ಎಂದರು ಮಾಸ್ತರರು.

ಅಷ್ಟರಲ್ಲಿ ಕಂಪೌಂಡರ್‌ನ ಫೋನ್ ಬಡಿದುಕೊಂಡಿತು. ಯಾರದೋ ಎಮ್ಮೆ ಬೆದೆಗೆ ಬಂದಿದೆ. ಉಳಿದ ಭಜಿ ಬಾಯಿಗೆ ತುರುಕಿಕೊಂಡು ಎದ್ದ.

"ಕ್ಯಾನ್‌ನಲ್ಲಿ ನೈಟ್ರೋಜನ್ ಇದೆಯಾ?" ಗೌಡರು ಕೂಗಿದರು.

ಅವನು ಗಾಡಿ ಹತ್ತಿದವನು ಇಳಿದ. "ನಿನ್ನೆ ತುಂಬಿಸಬೇಕಿತ್ತು," ಎಂದ.